ನಿಯಮ್ಮನವರ ರಿಸೆಪ್ಷನ್

ಮೊನ್ನೆ ಸಂಜೆ ಹೆಬ್ಬಾಳದ ಫ್ಲೈಓವರ್ ಮೇಲೆ ನಮ್ಮ ಕಾರಿನ ಮುಂದೆ ಒಂದು ಗೂಡ್ಸ್ ಆಟೋ ನಿಂತಿತ್ತು. ನಿಂತಿತ್ತು ಅನ್ನುವುದೇ ಸರಿ, ಆ ಹೊತ್ತಿಗೆ ಅಲ್ಲಿ ಯಾವುದೂ ಓಡುವುದಿಲ್ಲ. ಅದರ ತುಂಬ ಮದುವೆಮನೆಯ ಸಾಮಾನು. ಮಡಿಸಿದ ಷಾಮಿಯಾನ, ಮಸಿ ಹಿಡಿದ ಪಾತ್ರೆಗಳು, ಪ್ಲಾಸ್ಟಿಕ್ ಹೂವಿನ ಒಂದು ಕಮಾನು. ಎಲ್ಲದರ ಮೇಲೆ ಕೆಂಪು ವೆಲ್ವೆಟ್ಟಿನ ಎರಡು ಸಿಂಹಾಸನಗಳು ಕಾಲು ಮೇಲೆ ಮಾಡಿಕೊಂಡು ಮಲಗಿದ್ದವು. ಆ ಕುರ್ಚಿಗಳು ನಿಮಗೂ ಗೊತ್ತಿರುತ್ತೆ. ಚಿನ್ನದ ಬಣ್ಣದ ಕಾಲು, ಕೈಯಿಡುವ ಕಡೆ ಸಿಂಹದ ಮುಖ, ಬೆನ್ನಿಗೆ ನವಿಲು ಗರಿ ಬಿಚ್ಚಿದ ಹಾಗೆ ಒಂದು ಕಿರೀಟ. ರಿಸೆಪ್ಷನ್ನಿನಲ್ಲಿ ಹುಡುಗ ಹುಡುಗಿಯನ್ನು ಅದರ ಮುಂದೆ ನಿಲ್ಲಿಸಿ, ಕೂರಲು ಮಾತ್ರ ಬಿಡದೆ, ಊರಿನವರೆಲ್ಲ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದೇ. ಈ ಆಟೋದವನು ಸಿಂಹದ ಬಾಯೊಳಗೆ ಹಗ್ಗ ತೂರಿಸಿ ಬಿಗಿದಿದ್ದ. ಸಿಂಹಕ್ಕೆ ಹಲ್ಲುನೋವು ಬಂದು ಬಟ್ಟೆ ಕಟ್ಟಿದ ಹಾಗಿತ್ತು.

ನನಗೆ ನಗು ಬಂತು.

"ಏನು, ಕುರ್ಚಿ ಕಂಡಿತಾ?" ಅಂದರು ನಮ್ಮನೆಯವರು, ರಸ್ತೆಯಿಂದ ಕಣ್ಣು ತೆಗೆಯದೆ.

"ಎರಡೂ ಕಂಡವು."

"ಸರಿ, ಇನ್ನು ಯಲಹಂಕ ಬರೋವರೆಗೂ ನಗ್ತಿರು. ಪಕ್ಕದ ಕಾರಿನವರು ನೋಡ್ತಿದಾರೆ ಅಷ್ಟೆ."

ಈ ನಗುವಿಗೆ ಕಾರಣ ಹೇಳಬೇಕಾದರೆ ಕುರ್ಚಿಯಿಂದ ಶುರು ಮಾಡಿದರೆ ಆಗುವುದಿಲ್ಲ. ಒಂದು ಪದದಿಂದ ಶುರು ಮಾಡಬೇಕು. ಗ್ರ್ಯಾಂಡ್ ಅನ್ನುವ ಪದ. ಅದು ಇಂಗ್ಲಿಷಿನದು ಅನ್ನುವುದನ್ನೇ ನಾವು ಮರೆತಿದ್ದೇವೆ. ಗ್ರ್ಯಾಂಡ್ ಸೀರೆ ಅಂದರೆ ಜರಿಯ ಭಾರಕ್ಕೆ ಭುಜ ನೋಯಬೇಕು. ಮದುವೆ ಗ್ರ್ಯಾಂಡಾಗಿ ಮಾಡಿದರು ಅಂದರೆ ಬಾಳೆಲೆಯ ಮೇಲೆ ಅನ್ನ ಬಡಿಸಲು ಜಾಗ ಇರಲಿಲ್ಲ ಅಂತ. "ತೀರಾ ಗ್ರ್ಯಾಂಡ್ ಬೇಡಪ್ಪ, ಸಿಂಪಲ್ಲಾಗಿ ತೋರ್ಸು" ಅಂತ ಅಂಗಡಿಯಲ್ಲಿ ಹೇಳಿ, ಕಡೆಗೆ ಗ್ರ್ಯಾಂಡ್ ಆಗಿರುವುದನ್ನೇ ಕಟ್ಟಿಸಿಕೊಂಡು ಬರುವುದು ನಮ್ಮ ಹೆಂಗಸರ ಪದ್ಧತಿ. ನಾನೂ ಅವರಲ್ಲಿ ಒಬ್ಬಳು.

ಆದರೆ ನನಗೆ ಈ ಪದದ ಇನ್ನೊಂದು ಅರ್ಥವೂ ಚಿಕ್ಕಂದಿನಿಂದ ಗೊತ್ತು. ನಾನು ಓದಿದ್ದು ಯಶವಂತಪುರದಲ್ಲಿ, ರೈಲು ಹಳಿಯ ಆಚೆಗಿದ್ದ ಒಂದು ಕಾನ್ವೆಂಟಿನಲ್ಲಿ. ಗೂಡ್ಸ್ ರೈಲು ಹೋಗುವಾಗ ಬೋರ್ಡಿನ ಮೇಲಿನ ಚಾಕ್‌ಪೀಸ್ ಪುಡಿ ಉದುರುತ್ತಿತ್ತು. ಅಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು ಐರ್ಲೆಂಡಿನಿಂದ ಬಂದ ಸಿಸ್ಟರ್ ಆಗ್ನೆಸ್. ಕೆಂಪು ಕೆನ್ನೆ, ಗಂಡಸರ ಹಾಗೆ ದೊಡ್ಡ ದೊಡ್ಡ ಹೆಜ್ಜೆ, ಜೇಬಿನಲ್ಲಿ ಯಾವಾಗಲೂ ಪೆಪ್ಪರ್‌ಮಿಂಟ್. ಸಿನಿಮಾಕ್ಕೆ ಅವರು ನಮ್ಮ ಅಜ್ಜಿಯ ಹಾಗೇ "ಫಿಲ್ಲಮ್ಮು" ಅನ್ನುತ್ತಿದ್ದರು. ಹಾಗಾಗಿ ನಮ್ಮ ಅಜ್ಜಿಯ ಇಂಗ್ಲಿಷ್ ಬಹಳ ಚೆನ್ನಾಗಿದೆ ಅಂತ ನಾನು ಎಷ್ಟೋ ಕಾಲ ನಂಬಿಕೊಂಡಿದ್ದೆ.

ಸಿಸ್ಟರಿಗೆ ಕನ್ನಡ ಹೇಳಿಕೊಟ್ಟ ಮೇಷ್ಟ್ರು ತುಂಬ ಮರ್ಯಾದಸ್ಥರಿರಬೇಕು, ಬಹುವಚನ ಬಿಟ್ಟು ಬೇರೇನೂ ಕಲಿಸಿರಲಿಲ್ಲ. ನಮ್ಮ ಊಟದ ಡಬ್ಬಿಗೆ ಮೂಗು ತೂರಿಸಲು ಬರುತ್ತಿದ್ದ ಬೀದಿನಾಯಿಗೂ ಅವರು "ದಯವಿಟ್ಟು ಹೊರಡಿರಿ" ಅನ್ನುತ್ತಿದ್ದರು. ಅಷ್ಟು ಮರ್ಯಾದೆ ಅದಕ್ಕೆ ಬೇರೆಲ್ಲೂ ಸಿಗುತ್ತಿರಲಿಲ್ಲವೋ ಏನೋ, ಅದು ಹೊರಡುತ್ತಲೇ ಇರಲಿಲ್ಲ.

ಒಂದು ದಿನ ಅಮ್ಮ ನನ್ನನ್ನು ಕರೆದೊಯ್ಯಲು ಬಂದವಳು ಗೇಟಿನ ಹತ್ತಿರ ಸಿಸ್ಟರನ್ನು ಕಂಡು, ದಾರಿಯುದ್ದಕ್ಕೂ ಉರು ಹಾಕಿದ್ದ ಇಂಗ್ಲಿಷ್ ವಾಕ್ಯ ಹೇಳಿಯೇಬಿಟ್ಟಳು. "ಹೌ ಈಸ್ ಮೈ ಡಾಟರ್, ಸಿಸ್ಟರ್?"

"ಓ, ಶೀಲಾ ಈಸ್ ಗ್ರ್ಯಾಂಡ್," ಅಂದರು ಸಿಸ್ಟರ್.

ಅಮ್ಮನ ಮುಖ ಸಣ್ಣದಾಯಿತು. ಮನೆಗೆ ಬಂದವಳೇ ಅಪ್ಪನ ಹತ್ತಿರ, "ನಾನು ಅವತ್ತೇ ಹೇಳಿದ್ನಲ್ಲ, ಸ್ಯಾಟಿನ್ ರಿಬ್ಬನ್ನು, ಕನಕಾಂಬರ, ಕಾಲಿಗೆ ಗೆಜ್ಜೆ ಎಲ್ಲ ಜಾಸ್ತಿ ಆಯ್ತು ಅಂತ. ಸ್ಕೂಲಿಗೆ ಗ್ರ್ಯಾಂಡಾಗಿ ಬರ್ತಾಳೆ ಅಂತ ಸಿಸ್ಟರ್ ಬಾಯಿಬಿಟ್ಟು ಹೇಳಿದ್ರು" ಅಂದಳು. ಮಾರನೇ ದಿನ ನನ್ನ ತಲೆಗೆ ಎಣ್ಣೆ ಮೆತ್ತಿ, ಕಪ್ಪು ದಾರದಲ್ಲಿ ಜಡೆ ಕಟ್ಟಿ, ಹೂವಿಲ್ಲದೆ ಗೆಜ್ಜೆಯಿಲ್ಲದೆ ಕಳಿಸಿದಳು. ಸಿಸ್ಟರ್ ನನ್ನನ್ನು ನೋಡಿ ಹಣೆ ಮುಟ್ಟಿದರು. ಜ್ವರವಿಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಅಂತ ಕೇಳಿದರು. ಅದೂ ಇಲ್ಲ. ಸಂಜೆ ಅಮ್ಮನೇ ಬಂದು "ನೋ ಗ್ರ್ಯಾಂಡ್, ಸಿಸ್ಟರ್. ನೌ ವೆರಿ ಸಿಂಪಲ್" ಅಂದಾಗ ಅವರಿಗೆ ವಿಷಯ ಗೊತ್ತಾಯಿತು. ಗೇಟು ಹಿಡಿದುಕೊಂಡು ನಕ್ಕರು ನೋಡಿ, ತಲೆಯ ಬಿಳಿವಸ್ತ್ರ ಕಿವಿಯ ಮೇಲೆ ಜಾರಿತು. ತಮ್ಮ ಊರಿನ ಕಡೆ ಗ್ರ್ಯಾಂಡ್ ಅಂದರೆ ಚೆನ್ನಾಗಿದೆ, ಏನೂ ತೊಂದರೆ ಇಲ್ಲ ಅಂತ ಅಷ್ಟೆ. ಚಹಾ ಬಿಸಿ ಇದ್ದರೂ ಗ್ರ್ಯಾಂಡ್, ನೆಗಡಿ ವಾಸಿಯಾದರೂ ಗ್ರ್ಯಾಂಡ್ ಅಂತ ಬಿಡಿಸಿ ಹೇಳಿದರು. ಅಂದಿನಿಂದ ನಮ್ಮ ಮನೆಯೊಳಗೆ ಆ ಪದ ಸಿಸ್ಟರ್ ಅರ್ಥದಲ್ಲೇ ನಡೆಯಿತು. ಸಾರಿಗೆ ಉಪ್ಪು ಸರಿಯಾಗಿದ್ದರೆ ಅಪ್ಪ ಗ್ರ್ಯಾಂಡ್ ಅನ್ನುತ್ತಿದ್ದರು. ಬಂದ ನೆಂಟರು, ಪಾಪ, ಎಲೆಯಲ್ಲಿ ಇನ್ನೇನೋ ಬರುತ್ತದೆ ಅಂತ ಕಾಯುತ್ತಿದ್ದರು.

ಈಗ ನಮ್ಮ ಲೇಔಟಿಗೆ ಬರುತ್ತೇನೆ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ರಾಜಾನುಕುಂಟೆ ಕಡೆ ಹೋಗುವಾಗ ಸ್ವಲ್ಪ ಒಳಗೆ ತಿರುಗಿದರೆ ಸಿಗುತ್ತದೆ. ಮೊದಲು ಅದೆಲ್ಲ ದ್ರಾಕ್ಷಿ ತೋಟವಂತೆ. ಅಂತೆ ಏನು ಬಂತು, ತೋಟದ ಮನೆತನದವರೇ ಆದ ಮುನಿರಾಜಣ್ಣ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು. ಯಾರ ಮನೆಗೆ ಬಂದರೂ ಹಾಲಿನಲ್ಲಿ ನಿಂತು, "ಇಲ್ಲೇ ಕಣಮ್ಮ ನಮ್ ಬಾವಿ ಇದ್ದುದ್ದು, ನಿಮ್ ಟೀವಿ ಐತಲ್ಲ, ಅಲ್ಲಿ" ಅನ್ನುತ್ತಾರೆ. ಒಳ್ಳೆಯ ಮನುಷ್ಯ. ಅವರಿಗಿದ್ದ ಒಂದೇ ಹಟ, ಸಮುದಾಯ ಭವನದ ಪಕ್ಕದ ಕೋಣೆಯನ್ನು ಜಿಮ್ ಮಾಡಬೇಕು ಅನ್ನುವುದು.

ಆ ಕೋಣೆ ನಮ್ಮ ಓದುಮನೆ. ಸಾವಿತ್ರಮ್ಮ ಮೇಡಂ ಕಟ್ಟಿದ್ದು. ಸರ್ಕಾರಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು. ಈಗಲೂ ಅವರೆದುರು ನಾವು ಉಗುರು ಕಚ್ಚುವುದಿಲ್ಲ. ಮನೆಮನೆಗೆ ಹೋಗಿ ಪುಸ್ತಕ ಕೇಳಿ ತಂದು, ಹಳೇ ಸೀರೆ ಹರಿದು ಪರದೆ ಹೊಲಿದು ಆ ಕೋಣೆ ಮಾಡಿದ್ದರು. ಗುರುವಾರ ಮಧ್ಯಾಹ್ನ ಅಲ್ಲಿ ಸೇರುತ್ತಿದ್ದವರು ಸಾವಿತ್ರಮ್ಮ, ನಾನು, ನನ್ನ ಪಕ್ಕದ ಮನೆಯ ನಸೀಮಾ. ಇನ್ನೊಬ್ಬಿಬ್ಬರು ಬಂದರೆ ಬಂದರು. ನಸೀಮಾಳ ಗಂಡನಿಗೆ ಆರ್.ಟಿ. ನಗರದಲ್ಲಿ ಟೈರ್ ಅಂಗಡಿ. ಇವಳಿಗೆ ಓದುವುದಕ್ಕಿಂತ ಓದಿದವರು ಕಥೆ ಹೇಳುವುದನ್ನು ಕೇಳುವುದು ಇಷ್ಟ. "ತೂ ಪಢ್, ಮೈ ಸುನ್ತೀ" ಅಂತ ಕಾಲು ಮಡಚಿ ಕೂತುಬಿಡುತ್ತಾಳೆ.

"ಅಲ್ಲ ಮೇಡಂ, ನೀವೇ ಏಳಿ," ಅಂದಿದ್ದರು ಮುನಿರಾಜಣ್ಣ ಒಂದು ಗುರುವಾರ ಬಾಗಿಲಲ್ಲಿ ನಿಂತು. "ಇಲ್ಲಿ ಯಾರ್ ಬತ್ತಾರೆ? ನೀವ್ ಮೂರ್ ಜನ ಎಂಗಸ್ರು. ಓಡೋ ಮಿಷಿನ್ ಎರಡು ಆಕುದ್ರೆ ನೂರ್ ಜನದ್ ಮಂಡಿನೋವು ಓಯ್ತದೆ."

ಸಾವಿತ್ರಮ್ಮ ಸುಮ್ಮನೆ ಕನ್ನಡಕ ಸರಿಮಾಡಿಕೊಂಡರು. ಅವರು ಮಾತಿಗೆ ಮಾತು ಬೆಳೆಸುವವರಲ್ಲ. ಆದರೆ ಮುನಿರಾಜಣ್ಣ ಹೋದ ಮೇಲೆ ಕಪಾಟಿನ ಪುಸ್ತಕಗಳನ್ನು ಸುಮ್ಮಸುಮ್ಮನೆ ತೆಗೆದು ಒರೆಸಿ ಮತ್ತೆ ಅದೇ ಜಾಗದಲ್ಲಿಟ್ಟರು. ಮಕ್ಕಳಿಲ್ಲದ, ಗಂಡ ತೀರಿಹೋದ ಆಕೆ ವಾರವಿಡೀ ಕಾಯುತ್ತಿದ್ದುದು ಈ ಗುರುವಾರಕ್ಕೇ.

ಅಷ್ಟರಲ್ಲಿ ಐರ್ಲೆಂಡಿನ ಕಾದಂಬರಿಗಾರ್ತಿಯೊಬ್ಬರು ಬಂದರು. ಬಂದದ್ದು ನಮಗಾಗಿ ಅಲ್ಲ, ಹತ್ತಿರದ ಒಂದು ವಿಶ್ವವಿದ್ಯಾಲಯಕ್ಕೆ, ಅತಿಥಿಯಾಗಿ. ದೇಶದೇಶಗಳಲ್ಲಿ ಹೆಸರಾದವರು, ಪ್ರಶಸ್ತಿಗಳು ಬಂದಿವೆ, ಪುಸ್ತಕಗಳು ಎಷ್ಟೋ ಭಾಷೆಗೆ ಹೋಗಿವೆ. ಕ್ಯಾಂಪಸ್ಸಿನ ಹೊರಗೆ ಸಾಮಾನ್ಯ ಜನರಿಗೆ ಒಂದು ಉಪನ್ಯಾಸ ಕೊಡಬೇಕು ಅಂತ ಅವರದೇ ಆಸೆಯಂತೆ. ಅಲ್ಲಿ ಪಾಠ ಮಾಡುವ ಹುಡುಗಿಯೊಬ್ಬಳು ಸಾವಿತ್ರಮ್ಮನವರ ಹಳೇ ಶಿಷ್ಯೆ. ಫೋನ್ ಮಾಡಿ, "ಮೇಡಂ, ನಿಮ್ಮ ಓದುಮನೆಯಿಂದಲೇ ಮಾಡೋಣ್ವಾ?" ಅಂದಳು.

ಸಾವಿತ್ರಮ್ಮ ನೇರವಾಗಿ ಮುನಿರಾಜಣ್ಣನ ಮನೆಗೆ ಹೋದರು. ಭವನ ಕೊಡಿ ಅಂದರು. ಅವರು ಒಂದು ಷರತ್ತು ಹಾಕಿದರು. "ಕೊಡ್ತೀನಿ ಮೇಡಂ. ಆಲ್ ತುಂಬ್ಸಿ ತೋರ್ಸಿ. ಆಲ್ ತುಂಬಿದ್ರೆ ನಿಮ್ ರೂಮಿನ ತಂಟೆಗೆ ನಾನ್ ಬರಲ್ಲ. ತುಂಬ್ಲಿಲ್ವಾ, ಮಿಷಿನ್ ತರುಸ್ತೀನಿ. ಆಯ್ತಾ?"

ಆಯ್ತು ಅಂದು ಬಂದವರ ಮುಖ ನೋಡಬೇಕಿತ್ತು. ಆ ಭವನ ನಾಮಕರಣಕ್ಕೂ ಅರ್ಧ ತುಂಬುವುದಿಲ್ಲ. ಐರಿಷ್ ಕಾದಂಬರಿ ಅಂದರೆ ಯಾರು ಬರುತ್ತಾರೆ?

ಮೊದಲ ತೊಂದರೆ ಲೇಖಕಿಯ ಹೆಸರಿನದು. ಬರೆಯುವುದು ಒಂದು, ಕರೆಯುವುದು ಒಂದು. ಎನ್, ಐ, ಎ, ಎಂ, ಎಚ್ ಅಂತ ಬರೆದು ಅವರ ಕಡೆ "ನೀವ್" ಅನ್ನಬೇಕಂತೆ. ಬರೆದದ್ದನ್ನೇ ಓದುವ ನಮಗೆ ಇದು ಒಂಥರಾ ಮೋಸ ಅನ್ನಿಸಿತು. ಕನ್ನಡದಲ್ಲಂತೂ ಬರೀ ಗೊಂದಲ.

"ಶೀಲಾ, ನೀವ್ ಎಷ್ಟು ಹೊತ್ತಿಗೆ ಬರ್ತಾರೆ?" ಅಂತ ಫೋನಿನಲ್ಲಿ ಸಾವಿತ್ರಮ್ಮ.

"ನಾನು ಆಗಲೇ ಬಂದು ಕೂತಿದೀನಿ ಮೇಡಂ."

"ನೀನಲ್ಲಮ್ಮ, ನೀವ್."

"ನನ್ನನ್ನು ಯಾಕೆ ಬಹುವಚನದಲ್ಲಿ ಕರೀತೀರಿ ಮೇಡಂ?"

ನಸೀಮಾ ಬಿದ್ದುಬಿದ್ದು ನಕ್ಕಳು. ಆದರೆ ಫ್ಲೆಕ್ಸ್ ಮಾಡಿಸುವ ಜವಾಬ್ದಾರಿ ಹೊತ್ತ ಮುನಿರಾಜಣ್ಣ ಇಂಗ್ಲಿಷ್ ಅಕ್ಷರ ನೋಡಿ ಒಂದೇ ಏಟಿಗೆ ಓದಿಬಿಟ್ಟರು. ಅಬ್ಬಿಗೆರೆಯಲ್ಲಿ ಅವರ ಕಡೆಯವರೊಬ್ಬರ ಪ್ರಿಂಟಿಂಗ್ ಅಂಗಡಿಯಿಂದ ಬಂದ ಫ್ಲೆಕ್ಸಿನ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ಇದ್ದದ್ದು, "ಶ್ರೀಮತಿ ನಿಯಮ್ಮನವರಿಗೆ ಹಾರ್ದಿಕ ಸುಸ್ವಾಗತ". ಸುತ್ತ ಗುಲಾಬಿ ಹೂವು, ಎರಡು ಪಾರಿವಾಳ. ಉಪನ್ಯಾಸ ಅನ್ನುವ ಮಾತು ಕೆಳಗೆಲ್ಲೋ ಸಣ್ಣಗೆ ಇತ್ತು. ಅದರ ಮೇಲೆ ಕಟ್ಟಿದ ಹಗ್ಗ ಹಾದುಹೋಗಿತ್ತು.

ಎರಡನೆಯದು ವ್ಯವಸ್ಥೆಯ ವಿಷಯ. ಅತಿಥಿಗೆ ಏನೇನು ಬೇಕು ಅಂತ ಶಿಷ್ಯೆಯ ಮೂಲಕ ಕೇಳಿಸಿದ್ದರು. ಬಂದ ಉತ್ತರವನ್ನು ಸಾವಿತ್ರಮ್ಮ ಫೋನ್ ದೂರ ಹಿಡಿದು ಓದಿದರು. "ಎ ಚೇರ್ ಅಂಡ್ ಎ ಕಪ್ ಆಫ್ ಟೀ ವುಡ್ ಬಿ ಗ್ರ್ಯಾಂಡ್." ಆಮೇಲೆ ನಮ್ಮ ಕಡೆ ನೋಡಿ, "ಕೇಳಿದ್ರಲ್ಲ. ಚೇರು ಗ್ರ್ಯಾಂಡಾಗಿರಬೇಕು, ಟೀಯೂ ಗ್ರ್ಯಾಂಡಾಗಿರಬೇಕು. ದೊಡ್ಡ ಲೇಖಕರು, ಅವರ ಅಂತಸ್ತು ಹಾಗೆ" ಅಂದರು.

"ಮೇಡಂ, ಅದು ಹಾಗಲ್ಲ," ಅಂದೆ ನಾನು. "ಅವರ ಕಡೆ ಗ್ರ್ಯಾಂಡ್ ಅಂದ್ರೆ ಸುಮ್ನೆ, ಇಷ್ಟಿದ್ರೆ ಸಾಕು ಅಂತ."

"ಶೀಲಾ, ನಾನು ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಪಾಠ ಮಾಡ್ದವಳು."

"ನಮ್ಮ ಸಿಸ್ಟರ್ ಹೇಳ್ತಿದ್ರು ಮೇಡಂ..."

"ಸಿಸ್ಟರ್ ಸಂನ್ಯಾಸಿನಿ ಕಣಮ್ಮ. ಅವರಿಗೆ ಎಲ್ಲವೂ ಸಾಕು."

ನಸೀಮಾ ಆಗಲೇ ಟೀಯ ಯೋಚನೆಯಲ್ಲಿದ್ದಳು. "ಗ್ರ್ಯಾಂಡ್ ಟೀ ಅಂದ್ರೆ ಕೇಸರಿ, ಬಾದಾಮಿ, ಗಟ್ಟಿ ಹಾಲು. ನಮ್ಮ ಕಡೆ ಶಾದಿಯಲ್ಲಿ ಮಾಡ್ತೀವಲ್ಲ, ಆ ಥರ. ಮೈ ದೇಖ್ ಲೇತೀ, ನನಗೆ ಬಿಡಿ." ಕುರ್ಚಿಗೆ ಮುನಿರಾಜಣ್ಣ ಇದ್ದರು. "ರಾಜಾನುಕುಂಟೇಲಿ ನಮ್ ಷಾಮಿಯಾನದೋನ್ ಅವ್ನೆ. ಗ್ರ್ಯಾಂಡ್ ಚೇರ್ ತಾನೆ? ಎಂಥದ್ ಕಳುಸ್ತಾನೆ ನೋಡ್ತಿರಿ."

ಕಳಿಸಿದ. ಒಂದಲ್ಲ, ಎರಡು. ಆ ಕುರ್ಚಿಗಳು ಜೋಡಿ, ಜೋಡಿ ಬಿಡಿಸಿ ಕೊಡುವುದು ಅಪಶಕುನವಂತೆ. ಜೊತೆಗೆ ಇರಲಿ ಅಂತ ಹೂವಿನ ಕಮಾನು, ಸೀರಿಯಲ್ ಸೆಟ್ಟು, ಬಾಗಿಲಿಗೆ ನಿಲ್ಲಿಸುವ ಬಾಳೆಕಂಬ. ಮಧ್ಯಾಹ್ನದ ಬಿಸಿಲಲ್ಲಿ ಆಟೋ ನಮ್ಮ ಕ್ರಾಸುಗಳನ್ನೆಲ್ಲ ದಾರಿ ಕೇಳಿಕೊಂಡು ಸುತ್ತಿತು. ಎಲ್ಲರ ಮನೆ ಮುಂದೆಯೂ ಸಿಂಹಾಸನಗಳ ಮೆರವಣಿಗೆ ಆಯಿತು. ಸಂಜೆ ಸೀರಿಯಲ್ ಸೆಟ್ಟು ಹತ್ತಿದಾಗ, ವೇದಿಕೆಯ ಮೇಲೆ ಜೋಡಿ ಸಿಂಹಾಸನ, ಹಿಂದೆ ಗುಲಾಬಿ ಪಾರಿವಾಳಗಳ ಫ್ಲೆಕ್ಸು, ಅಡುಗೆ ಕಡೆಯಿಂದ ಕೇಸರಿ ಏಲಕ್ಕಿಯ ಘಮ. ನಾನು ಬಾಗಿಲಲ್ಲಿ ನಿಂತು ನೋಡಿದೆ. ವಧೂವರರು ಮಾತ್ರ ಕಡಿಮೆ ಇದ್ದರು.

ಸಾವಿತ್ರಮ್ಮ ಮೊದಲ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಹಿಂದೆ ಖಾಲಿ ಕುರ್ಚಿಗಳ ಸಾಲು ಸಾಲು. ಅವರು ತಿರುಗಿ ನೋಡುತ್ತಿರಲಿಲ್ಲ. ಮುನಿರಾಜಣ್ಣ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು.

ಆಗ ಬಂದರು ನೋಡಿ ಜನ. ಮೊದಲು ಮುನಿರಾಜಣ್ಣನ ಹೆಂಡತಿ ಗೌರಮ್ಮ, ಮೈತುಂಬ ರೇಷ್ಮೆ. ಹಿಂದೆ ಅವರ ವಾರಗಿತ್ತಿಯರು, ಮೂರನೇ ಕ್ರಾಸಿನ ಮನೆಗಳವರು, ಹಾಲಿನ ಬೂತಿನವರು, ಹಳೇ ಊರಿನ ಕಡೆಯಿಂದ ತಲೆಗೆ ಹೂ ಮುಡಿದ ಅಜ್ಜಿಯರ ಒಂದು ಗುಂಪು. ಎಲ್ಲರೂ ಗ್ರ್ಯಾಂಡ್, ನಮ್ಮ ಅರ್ಥದಲ್ಲಿ. ಒಬ್ಬರ ಕೈಯಲ್ಲಿ ಮಿರುಗುವ ಕಾಗದ ಸುತ್ತಿದ ಪೊಟ್ಟಣ.

"ಶೀಲಮ್ಮ, ಯಾರ್ ಮಗಳದಮ್ಮ ರಿಸೆಪ್ಷನ್ನು?" ಅಂತ ಗೌರಮ್ಮ ನನ್ನ ಕಿವಿಯಲ್ಲಿ ಕೇಳಿದರು. "ನಮ್ಮೋರು ಏನೂ ಏಳಲ್ಲ. ನಿಯಮ್ಮ ಅಂದ್ರೆ ಯಾರು? ಮಾಕಳಿ ಕಡೆಯೋರಾ?"

"ಇಲ್ಲಮ್ಮ. ಐರ್ಲೆಂಡಿನ ಕಡೆಯವರು."

"ಅದೆಲ್ ಬತ್ತದೆ?"

"ಸ್ವಲ್ಪ ದೂರ."

"ಓಗ್ಲಿ ಬುಡು, ಬಂದೋರ್ ಬಂದ್ರು," ಅಂತ ಗೌರಮ್ಮ ಮೊದಲ ಸಾಲಿನಲ್ಲಿ ಸಾವಿತ್ರಮ್ಮನ ಪಕ್ಕದಲ್ಲೇ ಕೂತರು. ಅವರು ಕೂತರೆ ಹಳೇ ಊರಿನವರೆಲ್ಲ ಕೂತ ಹಾಗೆ. ಅಡುಗೆ ಕೋಣೆಯ ಬಾಗಿಲಲ್ಲಿ ಒಬ್ಬರು ನಸೀಮಾಳನ್ನು ಊಟದ ಹಾಲ್ ಯಾವ ಕಡೆ ಅಂತ ಕೇಳುತ್ತಿದ್ದರು. ಅವಳು ಕಣ್ಣು ಮಿಟುಕಿಸದೆ, "ಮೊದಲು ಹುಡುಗಿ ನೋಡ್ಬೇಡ್ವಾ ಅಣ್ಣ? ಹೋಗಿ ಕೂತ್ಕೊಳ್ಳಿ" ಅಂದಳು. ಅಂದವಳೇ ಗಂಡನಿಗೆ ಫೋನ್ ಮಾಡಿ, ಬರುವಾಗ ಬೇಕರಿಯಲ್ಲಿ ಇರುವ ದಿಲ್‌ಪಸಂದೆಲ್ಲ ಕಟ್ಟಿಸಿಕೊಂಡು ಬಾ ಅಂತ ಹೇಳಿದಳು.

ಲೇಖಕಿ ಬಂದರು, ಶಿಷ್ಯೆಗೆ ಅಂದು ಸಂಜೆ ಪಾಠವಿದ್ದದ್ದರಿಂದ ಕಾರಿನಲ್ಲಿ ಒಬ್ಬರೇ. ಅರವತ್ತರ ಹೆಂಗಸು, ಕತ್ತರಿಸಿದ ಬಿಳಿಗೂದಲು, ಹತ್ತಿಯ ಅಂಗಿ, ಕಾಲಲ್ಲಿ ನಡೆದು ಸವೆದ ಚಪ್ಪಲಿ. ವೇದಿಕೆಯ ಮೆಟ್ಟಿಲಲ್ಲಿ ನಿಂತು ಸಿಂಹಾಸನಗಳನ್ನು, ಕಮಾನನ್ನು, ತುಂಬಿದ ರೇಷ್ಮೆ ಸೀರೆಗಳನ್ನು ನೋಡಿದರು. ಪಕ್ಕದಲ್ಲಿದ್ದ ನನ್ನನ್ನು, ತಾನು ಯಾರನ್ನು ಮದುವೆಯಾಗಬೇಕು ಅಂತ ಮೆಲ್ಲಗೆ ಕೇಳಿದರು.

ನಾನು ಅವರ ಉತ್ತರದಲ್ಲಿದ್ದ ಆ ಪದದ ಕಥೆಯನ್ನು ಅವಸರದಲ್ಲಿ ಹೇಳಿದೆ. ಕುರ್ಚಿ ಬದಲಾಯಿಸಲೇ ಅಂತಲೂ ಕೇಳಿದೆ. ಅವರ ಭುಜ ಕುಲುಕಿತು. ಆದರೆ ಅಷ್ಟರಲ್ಲಿ ಅವರ ಕಣ್ಣು ಸಾವಿತ್ರಮ್ಮನ ಮೇಲೆ ಬಿತ್ತು. ಸಾವಿತ್ರಮ್ಮ ಎದ್ದು ನಿಂತು, ಎಲ್ಲ ಸರಿಯಾಗಿದೆಯೇ ಅಂತ ಪರೀಕ್ಷೆ ಬರೆದ ಹುಡುಗಿಯ ಹಾಗೆ ಇವರನ್ನೇ ನೋಡುತ್ತಿದ್ದರು. ಲೇಖಕಿ ನಗು ನುಂಗಿಕೊಂಡು, ಬೇಡ, ಇಂಥ ಕುರ್ಚಿಯಲ್ಲಿ ನನ್ನನ್ನು ಯಾರೂ ಕೂರಿಸಿಲ್ಲ ಅಂದು, ನೇರವಾಗಿ ಹೋಗಿ ಸಿಂಹದ ತಲೆಗಳ ಮೇಲೆ ಕೈಯಿಟ್ಟು ಕೂತರು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನಿಂದ ಯಾರೋ, "ಹುಡುಗಿಗೆ ಸ್ವಲ್ಪ ವಯಸ್ಸಾಯ್ತಲ್ಲ" ಅಂದದ್ದೂ ಕೇಳಿಸಿತು.

ಉಪನ್ಯಾಸ ಶುರುವಾಯಿತು. ಎರಡು ನಿಮಿಷಕ್ಕೆ ನಿಂತೂ ಹೋಯಿತು. ಅವರ ಇಂಗ್ಲಿಷ್ ಹಳ್ಳದ ನೀರಿನ ಹಾಗೆ ಗುಳುಗುಳು ಓಡುತ್ತಿತ್ತು. ಸಾವಿತ್ರಮ್ಮನ ಮುಖದ ಮೇಲೆ ಒಂದು ನಗು ಅಂಟಿಕೊಂಡು ಅಲ್ಲೇ ಒಣಗುತ್ತಿತ್ತು. ಅವರಿಗೂ ಅರ್ಥವಾಗುತ್ತಿರಲಿಲ್ಲ. ರೇಷ್ಮೆ ಸೀರೆಗಳು ಸರಬರ ಅಂದವು, ಒಬ್ಬಿಬ್ಬರು ಎದ್ದರು. ಮುನಿರಾಜಣ್ಣ ಬಾಗಿಲ ಕಡೆ ನೋಡಿದರು. ಲೇಖಕಿಗೂ ತಿಳಿಯಿತು. ಯಾರಾದರೂ ನಿಮ್ಮ ಭಾಷೆಯಲ್ಲಿ ಹೇಳಬಲ್ಲಿರಾ ಅಂತ ಕೇಳಿದರು.

"ಶೀಲಾ," ಅಂದರು ಸಾವಿತ್ರಮ್ಮ. ಹೆಡ್‌ಮಿಸ್ಟ್ರೆಸ್ ದನಿಯಲ್ಲಲ್ಲ, ಬೇರೆ ದನಿಯಲ್ಲಿ. "ನಿನಗೆ ಅರ್ಥ ಆಗ್ತಿದೆ ಅಲ್ವಾ? ಹೋಗಮ್ಮ."

ಅರ್ಥ ಆಗುತ್ತಿತ್ತು. ನನಗೆ ಆ ಗುಳುಗುಳು ಹೊಸದಲ್ಲ, ಯಶವಂತಪುರದ್ದು. ಆದರೆ ವೇದಿಕೆ? ಮಗಳ ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗಿಗೂ ನಾನು ಕೊನೆಯ ಬೆಂಚಿನವಳು. ಕೈಯಲ್ಲಿದ್ದ ಟೀ ತಟ್ಟೆಯನ್ನು ಗೌರಮ್ಮನ ತೊಡೆಯ ಮೇಲಿಟ್ಟು ಹೋದೆ. ಎರಡನೇ ಮೈಕಿನ ವೈರು ಎರಡನೇ ಸಿಂಹಾಸನದವರೆಗೆ ಮಾತ್ರ ಬರುತ್ತಿತ್ತು. ಕೂತೆ. ಸ್ಪಂಜಿನೊಳಗೆ ಇಳಿದೆ, ಇಳಿದೆ, ಕಾಲು ನೆಲಕ್ಕೆ ತಾಗಲಿಲ್ಲ. ಬಾಗಿಲಲ್ಲಿ ಆಗಷ್ಟೇ ಬಂದ ನಮ್ಮನೆಯವರು, ತಮ್ಮ ಹೆಂಡತಿ ರಿಸೆಪ್ಷನ್ ಕುರ್ಚಿಯಲ್ಲಿ ಕೂತಿರುವುದನ್ನು ನೋಡಿ ಅಲ್ಲೇ ನಿಂತುಬಿಟ್ಟರು.

ಲೇಖಕಿ ತಮ್ಮ ಅಜ್ಜಿಯ ಅಡುಗೆಮನೆಯ ವಿಷಯ ಹೇಳುತ್ತಿದ್ದರು. ಸಕ್ಕರೆ ಸಾಲ ಕೇಳಲು ಬಂದ ಹೆಂಗಸರು ಹೊಸ್ತಿಲ ಮೇಲೇ ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದರಂತೆ. ಇವರು ಮೇಜಿನ ಕೆಳಗೆ ಕೂತು ಕೇಳುತ್ತಿದ್ದರಂತೆ. ತಾನು ಬರೆದ ಕಾದಂಬರಿಗಳೆಲ್ಲ ಆ ಮೇಜಿನ ಕೆಳಗಿನವೇ ಅಂದರು. ನಾನು ಇದನ್ನು ಹೇಳುವಾಗ ಹೊಸ್ತಿಲು ನಮ್ಮದಾಯಿತು, ಸಕ್ಕರೆ ಜೊತೆ ಕಾಫಿಪುಡಿಯೂ ಸೇರಿತು. ಸಭೆ ಮುಂದಕ್ಕೆ ಬಾಗಿತು. ಅಜ್ಜಿಯ ಒಲೆಯಲ್ಲಿ ಜೌಗು ನೆಲದಿಂದ ಕಡಿದು ತಂದು ಒಣಗಿಸಿದ ಮಣ್ಣು ಉರಿಸುತ್ತಿದ್ದರು ಅಂದದ್ದನ್ನೂ ಹೇಳಿದೆ.

"ಮಣ್ಣು ಎಂಗಮ್ಮ ಉರೀತದೆ?" ಅಂದರು ಗೌರಮ್ಮ ಕೂತಲ್ಲಿಂದಲೇ. "ಸರಿಯಾಗ್ ಕೇಳು. ಬೆರಣಿ ಇರ್ಬೇಕು."

ಕೇಳಿದೆ. ಲೇಖಕಿ ಕೈಯಲ್ಲಿ ಇಟ್ಟಿಗೆಯಷ್ಟು ಅಳತೆ ಮಾಡಿ, ಕತ್ತರಿಸುವುದು ಹೇಗೆ, ಗೋಪುರದ ಹಾಗೆ ಜೋಡಿಸಿ ಒಣಗಿಸುವುದು ಹೇಗೆ ಅಂತ ಮೈಕು ಬಿಟ್ಟು ಎದ್ದು ತೋರಿಸಿದರು. ಗೌರಮ್ಮ ಎದ್ದು ಬೆರಣಿ ತಟ್ಟುವುದನ್ನು ತೋರಿಸಿದರು. ಇಬ್ಬರ ಕೈಗಳೂ ಗಾಳಿಯಲ್ಲಿ ಒಂದೇ ಕೆಲಸ ಮಾಡುತ್ತಿದ್ದವು. ಅಷ್ಟರಲ್ಲಿ ಏರ್‌ಫೋರ್ಸಿನ ವಿಮಾನವೊಂದು ತಲೆಯ ಮೇಲೆ ಹೋಯಿತು. ಅದು ಹೋಗುವವರೆಗೂ ಎಲ್ಲರೂ ಸುಮ್ಮನೆ, ಆದರೆ ಯಾರೂ ಎದ್ದು ಹೋಗಲಿಲ್ಲ.

ಪ್ರಶ್ನೆಗಳಿಗೆ ಅಂತ ಬಿಟ್ಟಾಗ ಮುನಿರಾಜಣ್ಣ ಕೈ ಎತ್ತಿದರು. ಸಾವಿತ್ರಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು.

"ಕೇಳಮ್ಮ ಶೀಲಮ್ಮ, ಆಯಮ್ಮನ ಊರಲ್ಲೂ ಇಂಗೆ ಓದೋ ರೂಮು ಇತ್ತಾ? ಚಿಕ್ಕೋರಿದ್ದಾಗ್ಲೇ ಓದಾಕ್ ಓಗ್ತಿದ್ರಾ?"

ಲೇಖಕಿ ತಲೆ ಅಲ್ಲಾಡಿಸಿ ನಕ್ಕರು. ಇತ್ತಂತೆ. ಆದರೆ ಅಲ್ಲಿಗೆ ಓದಲು ಹೋದವರಲ್ಲವಂತೆ. ಊರಿನಲ್ಲಿ ಚೆನ್ನಾಗಿ ಬೆಂಕಿ ಉರಿಯುತ್ತಿದ್ದ ಕೋಣೆ ಅದೊಂದೇ. ಮಳೆಯಲ್ಲಿ ನೆನೆದ ಕಾಲ್ಚೀಲ ಒಣಗಿಸಿಕೊಳ್ಳಲು ಹೋಗುತ್ತಿದ್ದರು. ಸುಮ್ಮನೆ ಕೂತರೆ ಅಲ್ಲಿನ ಹೆಂಗಸು ಹೊರಗೆ ಕಳಿಸುತ್ತಾಳೆ ಅನ್ನುವ ಭಯಕ್ಕೆ ಒಂದು ಪುಸ್ತಕ ಬಿಡಿಸಿ ಇಟ್ಟುಕೊಳ್ಳುತ್ತಿದ್ದರು. ಹಾಗೆ ಇಟ್ಟುಕೊಂಡದ್ದು ಯಾವತ್ತು ಓದಾಯಿತೋ ಗೊತ್ತಿಲ್ಲ ಅಂದರು.

ನಾನು ಹೇಳಿ ಮುಗಿಸಿದೆ. ಮುನಿರಾಜಣ್ಣ ತುಂಬಿದ ಹಾಲನ್ನು ನೋಡಿದರು. ಗೋಡೆಗೆ ಒರಗಿ ನಿಂತವರನ್ನೂ ನೋಡಿದರು. "ಅಂದ್ರೆ ಇವತ್ತು ನೀವೆಲ್ಲ ಊಟಕ್ಕೆ ಬಂದಂಗೆ," ಅಂದರು ಜೋರಾಗಿ. ಸಭೆಗೆ ಸಭೆಯೇ ನಕ್ಕಿತು. "ನಗ್ಬೇಡಿ. ನಾನ್ ಏಳಿದ್ ಮಾತು ಏಳಿದ್ದೇ. ಆಲ್ ತುಂಬೈತೆ. ಮೇಡಂ, ನಿಮ್ ರೂಮು ನಿಮ್ದು. ಮಿಷಿನ್‌ಗೆ ವಾಟರ್ ಟ್ಯಾಂಕ್ ಪಕ್ಕ ಷೀಟ್ ಆಕ್ಸಾನ."

ಸಾವಿತ್ರಮ್ಮ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ದಿಲ್‌ಪಸಂದ್ ಹಂಚುವಾಗ ನನ್ನ ಹತ್ತಿರ ಬಂದು, "ನೀನು ಅವತ್ತೇ ಹೇಳಿದ್ದೆ, ಗ್ರ್ಯಾಂಡ್ ಅಂದ್ರೆ ಅದಲ್ಲ ಅಂತ" ಅಂದರು.

"ನೀವು ನನ್ನ ಮಾತು ಕೇಳಿದ್ದಿದ್ರೆ ಇವತ್ತು ಒಂದು ಪ್ಲಾಸ್ಟಿಕ್ ಚೇರು, ಮೂರು ಜನ ಇರ್ತಿದ್ವಿ ಮೇಡಂ."

ನಿಜವಾಗಿಯೂ ಹಾಗೇ. ನನ್ನ ಕಾನ್ವೆಂಟಿನ ಅಷ್ಟೂ ವಿದ್ಯೆ ಆ ಕೋಣೆಯನ್ನು ಜಿಮ್ ಮಾಡುವುದಕ್ಕೇ ಹೊರಟಿತ್ತು. ಲೇಖಕಿಗೆ ಗೌರಮ್ಮನ ವಾರಗಿತ್ತಿ ಮಿರುಗುವ ಕಾಗದದ ಪೊಟ್ಟಣ ಕೊಟ್ಟೇಬಿಟ್ಟರು. ಒಳಗೆ ಗೋಡೆ ಗಡಿಯಾರ. ವಿಮಾನದಲ್ಲಿ ಒಯ್ಯುವುದು ಕಷ್ಟ ಅಂತ ಅವರು ಅದನ್ನು ಓದುಮನೆಗೇ ಬಿಟ್ಟುಹೋದರು. ನಸೀಮಾಳ ಟೀಯನ್ನು ಮಾತ್ರ ಎರಡು ಲೋಟ ಕುಡಿದರು.

ಆದರೂ ಸಾವಿತ್ರಮ್ಮನಿಗೆ ಒಳಗೊಳಗೇ ಅನುಮಾನ. "ಒಂದು ದಿನ ತುಂಬಿದ್ದು ಕುರ್ಚಿ ನೋಡಿ. ಗುರುವಾರ ಯಾರು ಬರ್ತಾರೆ? ಕೋಣೆ ಉಳೀತು, ಅದರೊಳಗೆ ಮತ್ತೆ ನಾವೇ ಮೂರು ಜನ," ಅಂದರು.

ಗುರುವಾರ ಮಧ್ಯಾಹ್ನ ನಾವೇ ಮೂರು ಜನ ಕೂತಿದ್ದೆವು. ಹೊಸ ಗಡಿಯಾರದ ಸದ್ದು ಸ್ವಲ್ಪ ಜೋರೇ ಇತ್ತು. ಸಾವಿತ್ರಮ್ಮ ಬಾಗಿಲ ಕಡೆ ನೋಡದೆ ಇರಲು ಬಹಳ ಕಷ್ಟಪಡುತ್ತಿದ್ದರು. ಆಗ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಗೌರಮ್ಮ, ಮನೆಯಲ್ಲಿ ಉಡುವ ವಾಯಿಲ್ ಸೀರೆಯಲ್ಲಿ, ಹಿಂದೆ ಇಬ್ಬರು ವಾರಗಿತ್ತಿಯರು.

"ಮನೇಲಿ ಕರೆಂಟಿಲ್ಲ," ಅಂದರು ಗೌರಮ್ಮ, ಯಾರೂ ಕೇಳದಿದ್ದರೂ. "ಇಲ್ಲಿ ಫ್ಯಾನ್ ತಿರುಗ್ತದಲ್ಲ ಅಂತ ಬಂದ್ವಿ."

ಅವರ ಮನೆಗೆ ಯುಪಿಎಸ್ ಇದೆ ಅಂತ ಲೇಔಟಿಗೆಲ್ಲ ಗೊತ್ತು. ಸಾವಿತ್ರಮ್ಮ ಎದ್ದು ಫ್ಯಾನಿನ ಕೆಳಗಿನ ಕುರ್ಚಿ ಕೊಟ್ಟರು. ಗೌರಮ್ಮ ಕೂತು, ಸುತ್ತ ಕಪಾಟು ನೋಡಿ, ಕೈಗೆಟುಕಿದ ಒಂದು ಪುಸ್ತಕ ಎಳೆದು ನನ್ನ ಮುಂದೆ ಹಿಡಿದರು. "ಕನ್ನಡಕ ಮರ್ತ್ ಬಂದಿವ್ನಿ. ನೀನೇ ಓದು."

ನಾನು ಮೊದಲ ಪುಟದಿಂದ ಓದತೊಡಗಿದೆ. ಗೌರಮ್ಮ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ವಾರಗಿತ್ತಿಯರು ಕಾಲು ಚಾಚಿದರು. ಎರಡು ಪುಟ ಆಗುವಷ್ಟರಲ್ಲಿ ಗೌರಮ್ಮನ ಉಸಿರು ನಿಧಾನವಾಗಿ, ಒಂದೇ ಸಮನಾಗಿ ಬರತೊಡಗಿತು. ನಿದ್ದೆ ಹತ್ತಿತು ಅಂದುಕೊಂಡು ನಾನು ದನಿ ತಗ್ಗಿಸಿದೆ, ಮೆಲ್ಲಗೆ ಪುಸ್ತಕ ಮಡಚಿದೆ. ಸಾವಿತ್ರಮ್ಮ ನನ್ನ ಮುಖ ನೋಡಿದರು.

"ಆಮೇಲೆ?" ಅಂದರು ಗೌರಮ್ಮ, ಕಣ್ಣು ಬಿಡದೆ.